ವೈರು ಎಳೆದು ಪಟಾಕಿ ಹಾರಿಸುವ ಹುಡುಗರು

ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಮಸ್ಕಿ ಕಡೆಯ ಒಬ್ಬ ಹುಡುಗ ತಂದೆಯ ಜೊತೆ ಸಿಂಧನೂರಿನ ನನ್ನ ಕ್ಲಿನಿಕ್ಕಿಗೆ ಡ್ರೆಸ್ಸಿಂಗ್ ಮಾಡಿಸಲು ಬಂದ. ವಯಸ್ಸು ಹತ್ತೊಂಬತ್ತು, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದು. ಬಲಗೈಯ ತೋರುಬೆರಳು ಅರ್ಧಕ್ಕೆ ಹೋಗಿತ್ತು, ಹೆಬ್ಬೆರಳಿಗೆ ರಾಯಚೂರಿನಲ್ಲಿ ಹೊಲಿಗೆ ಹಾಕಿದ್ದರು. ಕುಡಿದವನಲ್ಲ, ಉಡಾಳನಲ್ಲ. ಓಣಿಯವರೆಲ್ಲ ಫ್ಯಾನು ರಿಪೇರಿಗೆ ಕರೆಯುವ ಜಾಣ ಹುಡುಗ.

ನಡೆದದ್ದು ಇಷ್ಟು. ಬ್ಯಾಟರಿ, ಉದ್ದನೆಯ ವೈರು, ಒಂದು ಸ್ವಿಚ್ಚು ಸೇರಿಸಿ ದೂರದಿಂದಲೇ ಪಟಾಕಿ ಹಾರಿಸುವ ಏರ್ಪಾಟನ್ನು ಗೆಳೆಯರು ಕೂಡಿ ಮಾಡಿಕೊಂಡಿದ್ದರು. ಅದಕ್ಕೆಂದು ಅಂಗಡಿಯ ಪಟಾಕಿಗಳನ್ನು ಬಿಚ್ಚಿ, ಮದ್ದು ಒಟ್ಟುಮಾಡಿದ್ದರು. ಮೊದಲ ಎರಡು ಹಾರಿದವು. ಮೂರನೆಯದು ಹಾರಲಿಲ್ಲ. ವೈರು ಬಿಚ್ಚಿರಬೇಕೆಂದು ಈತ ನೋಡಲು ಹೋಗಿ ಬಗ್ಗಿದ. ಕತ್ತಲಲ್ಲಿ ಆ ತುದಿಗಿದ್ದ ಗೆಳೆಯ ಇನ್ನೊಮ್ಮೆ ಸ್ವಿಚ್ಚು ಒತ್ತಿದ.

ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: ‘ಸರ, ಕಡ್ಡಿ ಗೀರಿ ಹಚ್ಚೂದಕ್ಕಿಂತ ದೂರ ನಿಂತು ಸ್ವಿಚ್ ಒತ್ತೂದು ಚಲೋ ಅಲ್ಲೇನ್ರಿ?’

ಸುಳ್ಳು ಹೇಳುವಂತಿರಲಿಲ್ಲ. ದೂರ ನಿಲ್ಲುವುದು ಒಳ್ಳೆಯದೇ. ದೊಡ್ಡ ದೊಡ್ಡ ಬಾಣಬಿರುಸಿನ ಪ್ರದರ್ಶನಗಳಲ್ಲಿ ಲೈಸೆನ್ಸು ಪಡೆದ ನುರಿತವರು ವಿದ್ಯುತ್ತಿನಿಂದಲೇ ಹಚ್ಚುತ್ತಾರೆ. ಆದರೆ ಅವರು ಕಾರ್ಖಾನೆಯಲ್ಲಿ ತಯಾರಾದ ಸಾಮಗ್ರಿಯನ್ನು ಬಳಸುತ್ತಾರೆ, ಮದ್ದು ಬಿಚ್ಚುವುದಿಲ್ಲ. ನಮ್ಮ ಹುಡುಗರ ವೈರು ಹಾರಿಸುವ ಒಂದು ಕ್ಷಣದಲ್ಲಿ ಮಾತ್ರ ಅವರನ್ನು ದೂರ ಇಡುತ್ತದೆ. ಅದಕ್ಕೂ ಮೊದಲು ತಾಸುಗಟ್ಟಲೆ ಅದೇ ಮದ್ದನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿರುತ್ತಾರೆ. ಹಾರದಿದ್ದರೆ ಮತ್ತೆ ಅದರ ಮೇಲೆಯೇ ಬಗ್ಗುತ್ತಾರೆ. ಒಂದು ಉಜ್ಜು, ಒಂದು ಕಿಡಿ ಸಾಕು, ಮಡಿಲಲ್ಲೇ ಹೊತ್ತಿಕೊಳ್ಳುತ್ತದೆ.

ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರು ಬಿ.ಪಿ. ತೋರಿಸಲು ಬರುತ್ತಾರೆ. ಅವರ ಮುಂದೆ ಈ ಕಥೆ ಹೇಳಿದೆ. ‘ಕೀಲಿ ಯಾರ ಕಿಸೇದಾಗಿತ್ತು?’ ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ಗಣಿಯಲ್ಲಿ ವಿದ್ಯುತ್ತಿನಿಂದ ಸಿಡಿಸುವ ಪೆಟ್ಟಿಗೆಗೆ ತೆಗೆದಿಡಬಹುದಾದ ಹಿಡಿಕೆಯೋ ಕೀಲಿಯೋ ಇರುತ್ತದೆಯಂತೆ. ಬ್ಲಾಸ್ಟರ್ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡು ಮದ್ದಿನ ಹತ್ತಿರ ಹೋಗುತ್ತಾನೆ, ಬೇರೆಯವರ ಕೈಗೆ ಕೊಡುವುದಿಲ್ಲ. ಸಿಡಿಯದಿದ್ದರೆ ವೈರು ಬಿಚ್ಚಿ, ಕಾದು, ನಂತರವೇ ಹೆಜ್ಜೆ ಇಡುವುದು. ಇಷ್ಟೆಲ್ಲ ಕಟ್ಟುನಿಟ್ಟಿರುವಲ್ಲೂ ಆ ಕೆಲಸಕ್ಕೆ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು. ನಮ್ಮ ಹುಡುಗರ ಬಳಿ ಇದ್ದದ್ದು ಹಳೆಯ ಡೋರ್‌ಬೆಲ್ಲಿನ ಸ್ವಿಚ್ಚು. 2025ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ಡಿಟೊನೇಟರುಗಳ ತಯಾರಿಕೆಯನ್ನೂ ಇಟ್ಟುಕೊಳ್ಳುವುದನ್ನೂ ನಿಷೇಧಿಸಿದೆ. ಕಲ್ಲು ಕ್ವಾರಿಗಳ ಸುತ್ತಮುತ್ತ ಬಿದ್ದಿರುವ ಹಳೆಯ ವೈರುಬಾಲದ ಕೊಳವೆಗಳನ್ನು ಮಕ್ಕಳು ಮನೆಗೆ ತಂದರೆ ಮುಟ್ಟದೆ, ಎಳೆಯದೆ, ಮನೆಯವರೆಲ್ಲ ದೂರ ಸರಿದು ಪೊಲೀಸರಿಗೆ ತಿಳಿಸಿರಿ.

ಬ್ಯಾಟರಿ ಬಿಟ್ಟು ಮನೆಯ ಕರೆಂಟನ್ನೇ ಎಳೆಯುವವರೂ ಇದ್ದಾರೆ. 230 ವೋಲ್ಟಿನ ಸುಟ್ಟ ಗಾಯ ಮೋಸಗಾರ. ಚರ್ಮದ ಮೇಲೆ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಕಾಣುತ್ತದೆ, ಒಳಗೆ ಸ್ನಾಯು ಬೆಂದಿರುತ್ತದೆ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಗಳಿಗೆ ಅಪಾಯ ಬಂದಿದೆ ಎಂದರ್ಥ. ಹೃದಯದ ಬಡಿತವೂ ತಪ್ಪಬಹುದು. ಆದ್ದರಿಂದ ‘ಏನೂ ಆಗಿಲ್ಲ ಬಿಡ್ರಿ’ ಎನ್ನದೆ ಇ.ಸಿ.ಜಿ. ಮಾಡಿಸಬೇಕು.

ಕಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲೂ ಪಟಾಕಿಯಿಂದ ಗಾಯಗೊಂಡವರು ಬರುತ್ತಲೇ ಇರುತ್ತಾರೆ. ಅವರಲ್ಲಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನೋಡುತ್ತ ನಿಂತವರೂ ಇರುತ್ತಾರೆ. ಸಿಡಿತದ ಪೆಟ್ಟಿಗೆ ಕಣ್ಣಿನ ಒಳಗೆ ರಕ್ತ ತುಂಬುತ್ತದೆ, ಮಸೂರ ಮಂಜಾಗುತ್ತದೆ, ಕೆಲವೊಮ್ಮೆ ಗುಡ್ಡೆಯೇ ಒಡೆದಿರುತ್ತದೆ. ನೋವು ಕಡಿಮೆಯಾಯಿತೆಂದು ಮನೆಯಲ್ಲಿ ಕುಳಿತವರಿಗೆ ತಿಂಗಳುಗಳ ನಂತರ ಗ್ಲಾಕೋಮಾ ಬಂದಿರುವುದುಂಟು. ಸಿಡಿದದ್ದು ಕಣ್ಣಿಗೆ ಬಡಿದರೆ ಉಜ್ಜಬೇಡಿ, ಒತ್ತಬೇಡಿ, ತೊಳೆಯಬೇಡಿ, ಹೊಕ್ಕಿದ್ದನ್ನು ಕೀಳಬೇಡಿ. ಜೇನುತುಪ್ಪ, ಎದೆಹಾಲು, ಮೆಡಿಕಲ್ ಶಾಪಿನ ಹನಿ ಯಾವುದೂ ಬೇಡ. ಒಂದು ಕಾಗದದ ಕಪ್ಪನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಟೇಪು ಅಂಟಿಸಿ, ಕಣ್ಣಿನ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಆಪರೇಷನ್ನಿಗೆ ಅರಿವಳಿಕೆ ಕೊಡಬೇಕಾಗಬಹುದು.

ಸುಟ್ಟ ಚರ್ಮಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟು, ಇಂಕು, ಸುಣ್ಣದ ತಿಳಿ ಹಚ್ಚಿಕೊಂಡು ಬಂದರೆ ಅದನ್ನು ಕೆರೆದು ತೆಗೆಯುವುದೇ ನಮಗೆ ಅರ್ಧ ತಾಸಿನ ಕೆಲಸ, ರೋಗಿಗೆ ಎರಡನೆಯ ನರಕ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ತನ್ನಿ. ಬೆರಳಿಗೆ ನೇರವಾಗಿ ಮಂಜುಗಡ್ಡೆ ತಾಗಬಾರದು. ಈ ಹುಡುಗನ ಬೆರಳನ್ನು ಯಾರೂ ಹುಡುಕಲೇ ಇಲ್ಲ. ರಾತ್ರಿ, ಮಣ್ಣು, ಗದ್ದಲ.

ಕಾನೂನಿನ ಮಾತು ಚುಟುಕಾಗಿ: ಲೈಸೆನ್ಸಿಲ್ಲದೆ ಸಿಡಿಮದ್ದು ತಯಾರಿಸುವುದು 1884ರ ಸ್ಫೋಟಕಗಳ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಪೊಲೀಸರ ಹೆದರಿಕೆಯಿಂದ ಹುಡುಗರ ಕುತೂಹಲ ಸಾಯುತ್ತದೆಂದು ನನಗೆ ಅನ್ನಿಸುವುದಿಲ್ಲ. ಅಟ್ಟದ ಮೇಲೆ ಅಡಗಿಕೊಂಡು ಮಾಡುತ್ತಾರೆ, ಅದು ಇನ್ನೂ ಕೆಟ್ಟದ್ದು. ಜಾತ್ರೆ, ಉತ್ಸವಗಳ ಸಮಿತಿಯ ಹಿರಿಯರು ಊರ ಜಾಣ ಹುಡುಗರಿಗೆ ‘ನೀವೇ ಏನಾದರೂ ಮಾಡಿರಪ್ಪ’ ಎಂದು ಕೆಲಸ ಒಪ್ಪಿಸುವುದನ್ನು ಮೊದಲು ಬಿಡಬೇಕು. ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ದೇವಸ್ಥಾನದ ಉತ್ಸವದಲ್ಲಿ ಹಚ್ಚಿದ ಪಟಾಕಿಯ ಕಿಡಿ ಹತ್ತಿರದಲ್ಲೇ ಇಟ್ಟಿದ್ದ ದಾಸ್ತಾನಿಗೆ ತಗುಲಿ 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ನಂತರ ತೀರಿಕೊಂಡರು. ನಮ್ಮ ಭಾಗದಲ್ಲಂತೂ ಅದೇ ಹೊತ್ತಿಗೆ ಮನೆಯಂಗಳದಲ್ಲಿ ಹತ್ತಿ, ಹೊಲದಲ್ಲಿ ಒಣಹುಲ್ಲು.

ಇನ್ನೊಂದು ಮಾತು ಮುಚ್ಚಿಡಬಾರದು. ಹಿಂದಿನ ವರ್ಷ ನಮ್ಮ ಓಣಿಯಲ್ಲೂ ಕಾಲೇಜು ಹುಡುಗರು ಇದೇ ವೈರಿನ ಆಟ ಆಡಿದ್ದರು. ಮೇಲಿನ ಮಹಡಿಯಿಂದ ನೋಡಿ ನಾನೂ ಚಪ್ಪಾಳೆ ತಟ್ಟಿದ್ದೆ. ‘ಡಾಕ್ಟ್ರೇ ಶಾಭಾಸ್ ಅಂದ್ರು’ ಎಂದು ಅವರು ಖುಷಿಪಟ್ಟಿದ್ದರು. ಈ ಸಲ ಅವರನ್ನು ಕರೆದು ಚಹಾ ಕೊಟ್ಟು, ಅದೇ ಸ್ವಿಚ್ಚಿಗೆ ಬಣ್ಣದ ಎಲ್.ಇ.ಡಿ. ಸರ ಜೋಡಿಸಿ ಓಣಿ ಬೆಳಗಿಸಿರಿ, ಖರ್ಚು ನನ್ನದು ಎಂದಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಒಬ್ಬ ನಕ್ಕಿದ್ದಾನೆ.

ಮಸ್ಕಿಯ ಹುಡುಗ ವಾರಕ್ಕೆರಡು ಸಲ ಬರುತ್ತಾನೆ. ಹೆಬ್ಬೆರಳಿನ ಹೊಲಿಗೆ ಬಿಚ್ಚಿಯಾಗಿದೆ, ಬೆರಳುಗಳಿಗೆ ವ್ಯಾಯಾಮ ಹೇಳಿಕೊಟ್ಟಿದ್ದೇನೆ. ಅವನ ತಂದೆ ಮೊನ್ನೆ ಚೀಲದಿಂದ ಕಟಿಂಗ್ ಪ್ಲೈಯರ್ ತೆಗೆದು ಮೇಜಿನ ಮೇಲಿಟ್ಟು, ‘ಇದನ್ನ ಹಿಡೀಲಿಕ್ಕೆ ಯಾವಾಗ ಬರ್ತದ್ರಿ?’ ಎಂದು ಕೇಳಿದರು. ಎಡಗೈಯಲ್ಲಿ ಈಗಲೇ ರೂಢಿ ಮಾಡಲಿ ಎಂದೆ. ಬಲಗೈಯ ಮಾತನ್ನು ಅವರೂ ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.