ವ್ಹೀಲಿ: ದಾರಿಯ ಹಕ್ಕನ್ನು ಮರೆತ ಸವಾರಿ

ಶಬೇ ಬರಾಅತ್‌ನಂದು, ರಮಝಾನಿನ ಕೊನೆಯ ಬೆಸ ರಾತ್ರಿಗಳಂದು ಮಗ ಮಸೀದಿಯಲ್ಲಿದ್ದಾನೆಂಬ ಸಮಾಧಾನದಿಂದ ತಾಯಂದಿರು ಮನೆಯಲ್ಲಿ ನಮಾಝಿಗೆ ನಿಲ್ಲುತ್ತಾರೆ. ಅದೇ ಹೊತ್ತಿನಲ್ಲಿ ಕೆಲವು ಹುಡುಗರು ಬೈಕಿನ ಮುಂದಿನ ಚಕ್ರವನ್ನು ಗಾಳಿಗೆತ್ತಿ ರಸ್ತೆಯುದ್ದಕ್ಕೂ ಓಡುತ್ತಿರುತ್ತಾರೆ. ವ್ಹೀಲಿಯ ಹುಚ್ಚಿಗೆ ಜಾತಿ ಮತಗಳಿಲ್ಲ ಎಂಬುದು ನಿಜ. ಆದರೆ ಶಬೇ ಬರಾಅತ್‌ನಂದು ಬೆಂಗಳೂರಿನ ಪೊಲೀಸರು ಮೇಲ್ಸೇತುವೆಗಳನ್ನು ಮುಚ್ಚಬೇಕಾಗಿ ಬಂದಾಗ, ಆ ರಾತ್ರಿ ನಮ್ಮದೇ ಎಂಬುದನ್ನು ನಾವು ಒಪ್ಪಿಕೊಳ್ಳಬೇಕಾಗುತ್ತದೆ.

ಸಮುದಾಯದ ಹೆಸರು ಕೆಡುತ್ತದೆಂಬುದನ್ನೇ ಕೆಲವರು ಮೊದಲ ಆಕ್ಷೇಪವಾಗಿ ಎತ್ತುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ಕೊನೆಯದು. ಮೊದಲನೆಯದು, ಆ ರಸ್ತೆಯನ್ನು ದಾಟುತ್ತಿರುವ ಅಪರಿಚಿತನ ಪ್ರಾಣ.

ಮುಂದಿನ ಚಕ್ರ ನೆಲ ಬಿಟ್ಟ ಕ್ಷಣದಿಂದ ಹ್ಯಾಂಡಲ್ ಬರಿಯ ಹಿಡಿಕೆಯಾಗುತ್ತದೆ. ಅದನ್ನು ತಿರುಗಿಸಿದರೆ ಗಾಡಿ ತಿರುಗದು. ವೇಗವನ್ನು ತಡೆಯುವ ಶಕ್ತಿಯ ಬಹುಪಾಲು ಇರುವುದು ಮುಂದಿನ ಬ್ರೇಕಿನಲ್ಲಿ. ಗಾಳಿಯಲ್ಲಿರುವ ಚಕ್ರಕ್ಕೆ ಅದು ನಿರರ್ಥಕ. ಎದ್ದುನಿಂತ ಗಾಡಿಯೇ ಸವಾರನ ಕಣ್ಣಿಗೆ ಅಡ್ಡವಾಗುತ್ತದೆ. ಎದುರಿಗೆ ಮಗುವೊಂದು ಓಡಿಬಂದರೆ ಅವನು ನೋಡಲಾರ, ತಿರುಗಲಾರ, ನಿಲ್ಲಲಾರ.

ಯಂತ್ರಗಳೂ ಬದಲಾಗಿವೆ. ತಂದೆ ಓಡಿಸುವ ಸ್ಪ್ಲೆಂಡರ್ 97.2 ಸಿಸಿಯದು, ಶಕ್ತಿ ಸುಮಾರು 8 ಅಶ್ವಶಕ್ತಿ. ಮಗ ಹಟ ಹಿಡಿದು ಕೊಡಿಸಿಕೊಳ್ಳುವ ಕೆಟಿಎಂ 390 ಡ್ಯೂಕ್‌ನ ಹೊಸ ಮಾದರಿ 399 ಸಿಸಿಯದು, ಸುಮಾರು 45 ಅಶ್ವಶಕ್ತಿಯದು. ಅಂದರೆ ಐದು ಪಟ್ಟಿಗೂ ಹೆಚ್ಚು. (ಅದನ್ನು ಬಡ್ಡಿಯ ಕಂತಿನಲ್ಲಿ ಕೊಳ್ಳುವ ವಿಚಾರ ಬೇರೆಯೇ ಇದೆ, ಇಲ್ಲಿ ಬೇಡ.) ಹದಿನೆಂಟು ತುಂಬದವನ ಕೈಗೆ ಗಾಡಿ ಕೊಟ್ಟು ಅವನು ತಪ್ಪೆಸಗಿದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಲಾದ 199ಎ ಕಲಮಿನಂತೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ತುಂಬುವವರೆಗೆ ಪರವಾನಗಿ ಸಿಗದು. ಪ್ರೀತಿಯಿಂದ ಬೀಗದ ಕೈ ಕೊಡುವ ತಂದೆಯರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು?

ಯೌವನದ ಹುಮ್ಮಸ್ಸನ್ನು ಇಸ್ಲಾಂ ಹತ್ತಿಕ್ಕುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆ ಓಟವನ್ನು ಸ್ವತಃ ಏರ್ಪಡಿಸಿದ್ದರು. ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ, ಪಳಗದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ. ಯುವಕರಾಗಿದ್ದ ಇಬ್ನ್ ಉಮರ್(ರ) ಅದರಲ್ಲಿ ಸ್ಪರ್ಧಿಸಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಓಟಕ್ಕೆ ಸ್ಥಳವಿತ್ತು, ಗಡಿಯಿತ್ತು, ಪಳಗುವಿಕೆಗೆ ತಕ್ಕ ದೂರವಿತ್ತು. ಅದೇ ಪ್ರವಾದಿವರ್ಯರು(ಸ) ಅರಫಾತ್‌ನಿಂದ ಮರಳುವಾಗ, ಒಂಟೆಗಳನ್ನು ಹೊಡೆದು ಅಬ್ಬರಿಸಿ ಓಡಿಸುತ್ತಿದ್ದವರ ಸದ್ದು ಕೇಳಿ, ಪುಣ್ಯವು ಧಾವಂತದಲ್ಲಿಲ್ಲ, ಶಾಂತವಾಗಿ ಸಾಗಿರಿ ಎಂಬರ್ಥದ ಆದೇಶ ನೀಡಿದರು. ಹಜ್ಜಿನಂತಹ ಆರಾಧನೆಯ ನಡುವೆಯೇ ಸಂಚಾರದ ಶಿಸ್ತನ್ನು ಕಲಿಸಿದವರ ಉಮ್ಮತ್ ನಾವು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯಾಗಿರುವಾಗ, ಸ್ವತಃ ದಾರಿಯ ತೊಂದರೆಯಾಗುವುದು ಏನು?

ವಾಹನವೇರುವಾಗ ಓದುವ ದುಆವನ್ನು ಮದ್ರಸಾದ ಪುಟ್ಟ ಮಕ್ಕಳೂ ಬಲ್ಲರು. ಸೂರಃ ಝುಖ್ರುಫ್‌ನ ಆ ವಚನಗಳು, ಈ ಸವಾರಿಯನ್ನು ನಮಗೆ ವಶಪಡಿಸಿಕೊಟ್ಟವನು ಅಲ್ಲಾಹನೇ, ಅದು ನಮ್ಮ ಸಾಮರ್ಥ್ಯವಲ್ಲ ಎಂಬುದನ್ನು ನೆನಪಿಸಿ, ಕೊನೆಗೆ ಅವನೆಡೆಗೆ ಮರಳಬೇಕಾಗಿರುವುದನ್ನು ಹೇಳುತ್ತವೆ. ನಾವು ಶಿಕ್ಷಕರು ಅದನ್ನು ಬಾಯಿಪಾಠ ಮಾಡಿಸುತ್ತೇವೆ, ಅರ್ಥವನ್ನು ವಿವರಿಸುವುದು ಅಪರೂಪ.

2024ರ ಆಗಸ್ಟಿನಲ್ಲಿ ಬೆಂಗಳೂರು–ತುಮಕೂರು ಹೆದ್ದಾರಿಯಲ್ಲಿ ರೋಸಿಹೋದ ಜನರು ವ್ಹೀಲಿ ಮಾಡುವವರ ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆಸೆದರು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹಿರಿಯರು ಮಾತಾಡದಿದ್ದ ಕಡೆ ಗುಂಪು ಮಾತಾಡುತ್ತದೆ.

ಮುಂಬರುವ ಶಬೇ ಬರಾಅತ್‌ಗೆ ಮುಂಚಿನ ಜುಮಾದಲ್ಲೇ ಖತೀಬರು ಈ ವಿಷಯವನ್ನೆತ್ತಲಿ. ಜಮಾಅತಿನ ಹಿರಿಯರು ಇಬ್ಬಿಬ್ಬರಾಗಿ ಮಸೀದಿಯ ಗೇಟಿನಲ್ಲಿ ನಿಲ್ಲಲಿ. ತಂದೆಯಂದಿರು ಅಂದು ಮಗನೊಂದಿಗೆ ನಡೆದೇ ಮಸೀದಿಗೆ ಬರಲಿ, ಬೈಕಿನ ಕೀ ಅವರ ಜೇಬಿನಲ್ಲಿರಲಿ.