ಹಿಮಯುಗದ ಸಾಕ್ಷ್ಯವೂ ನಮ್ಮ ಮಳೆಗಾಲವೂ

2025ನೆಯ ಇಸವಿ ಜನವರಿಯಲ್ಲಿ ಯೂರೋಪಿನ ವಿಜ್ಞಾನಿಗಳು ಅಂಟಾರ್ಕ್ಟಿಕ ಖಂಡದ ಹಿಮರಾಶಿಯನ್ನು 2800 ಮೀಟರು ಆಳ ಕೊರೆದು ತಳದ ಬಂಡೆಯನ್ನು ಮುಟ್ಟಿದರೆಂಬ ವರ್ತಮಾನವು ಪ್ರಕಟವಾಯಿತು. ಮೇಲೆತ್ತಿದ ಹಿಮದ ಕಂಬದಲ್ಲಿ ಹನ್ನೆರಡು ಲಕ್ಷ ವರ್ಷಗಳ ಹವೆಯ ಚರಿತ್ರೆ ಅಡಗಿದೆಯೆಂದೂ, ಆಳದ ಪದರಗಳಲ್ಲಿ ಒಂದೇ ಮೀಟರಿನೊಳಗೆ 13,000 ವರ್ಷಗಳವರೆಗಿನ ಕಾಲವು ಒತ್ತಿ ಸೇರಿದೆಯೆಂದೂ ಅವರ ಪ್ರಾಥಮಿಕ ಅಂದಾಜು. ಧ್ರುವದ ಮಂಜುಗಡ್ಡೆಗೂ ಹಾವೇರಿಯ ಜೋಳದ ಹೊಲಕ್ಕೂ ಏನು ಸಂಬಂಧವೆಂದು ಕೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಸಂಬಂಧವುಂಟು. ಆದರೆ ಯಾವ ಮನುಷ್ಯನೂ ಬರೆದಿಡದ ಕಾಲದ ಹವೆಯನ್ನು ಇವರು ತಿಳಿದುದು ಹೇಗೆಂಬುದನ್ನು ಮೊದಲು ಅರಿಯತಕ್ಕದ್ದು.

ನೀರಿನಲ್ಲಿರುವ ಆಮ್ಲಜನಕದ ಪರಮಾಣುಗಳೆಲ್ಲವೂ ಒಂದೇ ತೂಕದವಲ್ಲ. ಬಹುಪಾಲು ಹಗುರವಾದವು, ಕೆಲವು ತುಸು ಭಾರವಾದವು. ಧ್ರುವದ ಕಡೆಗೆ ಸಾಗುವ ಮೋಡವು ಭಾರವಾದವುಗಳನ್ನು ದಾರಿಯಲ್ಲಿಯೇ ಸುರಿಸಿಬಿಡುತ್ತದೆ. ಚಳಿ ಹೆಚ್ಚಿದಷ್ಟೂ ಧ್ರುವದ ಹಿಮದಲ್ಲಿ ಅವುಗಳ ಪ್ರಮಾಣ ಕಡಿಮೆ. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಮಹಾಶಯರು 1952ರಲ್ಲಿ ಮನೆಯ ತೋಟದಲ್ಲಿ ಬಿಯರಿನ ಸೀಸೆಗೆ ಆಲಿಕೆ ಸಿಕ್ಕಿಸಿ ಹಿಡಿದ ಮಳೆನೀರಿನಿಂದ ಈ ಶೋಧವು ಮೊದಲಾಯಿತು. ಹಿಮದೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಇನ್ನೊಂದು ಸಾಕ್ಷಿ. ತೀವ್ರ ಹಿಮಯುಗದಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ ಸುಮಾರು 180 ಪಾಲು ಇಂಗಾಲಾಮ್ಲ ವಾಯುವಿದ್ದಿತು. ನಡುವಣ ಬೆಚ್ಚನೆಯ ಕಾಲಗಳಲ್ಲಿ ಅದು 280ರ ಆಸುಪಾಸಿಗೆ ಏರುತ್ತಿತ್ತು.

ಇವೆರಡನ್ನೇ ನಂಬಿದ್ದರೆ ಸಂಶಯಕ್ಕೆ ಎಡೆಯಿರುತ್ತಿತ್ತು. ಆದರೆ ಸಾವಿರಾರು ಮೈಲಿ ದೂರದ ಸಮುದ್ರತಳದ ಕೆಸರಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳೂ ಇದೇ ಕಥೆಯನ್ನು ಹೇಳುತ್ತವೆ. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಎಂಬ ಮೂವರು ಈ ಚಿಪ್ಪುಗಳನ್ನು ಪರೀಕ್ಷಿಸಿ, ಹಿಮಯುಗಗಳ ಏರಿಳಿತವು ಭೂಮಿಯ ಕಕ್ಷೆ ಮತ್ತು ಅಕ್ಷದ ಮಂದಗತಿಯ ವ್ಯತ್ಯಾಸಗಳಿಗೆ ಹೊಂದುವುದೆಂದು ತೋರಿಸಿದರು. ಆ ವ್ಯತ್ಯಾಸಗಳನ್ನು ಬಹಳ ಹಿಂದೆಯೇ ಗಣಿಸಿದ್ದವನು ಸೆರ್ಬಿಯದ ಮಿಲಾಂಕೊವಿಚ್. ಮೊದಲನೆಯ ಮಹಾಯುದ್ಧಕಾಲದಲ್ಲಿ ಶತ್ರುರಾಜ್ಯದ ಬುಡಾಪೆಸ್ಟಿನಲ್ಲಿ ನಿರ್ಬಂಧದಲ್ಲಿದ್ದುಕೊಂಡೇ ಆತನು ಲೆಕ್ಕವನ್ನು ಮುಂದುವರಿಸಿದನು. ನಮ್ಮ ದೇಶನಾಯಕರು ಸೆರೆಮನೆಯಲ್ಲಿ ರಚಿಸಿದ ಗ್ರಂಥಗಳನ್ನು ಬಲ್ಲ ವಾಚಕರಿಗೆ ಇದು ಅಪೂರ್ವವೆನಿಸದು. ಒಂದು ಗಂಟು ಮಾತ್ರ ಬಿಡಿಸದೆ ಉಳಿದಿದೆ. ಹತ್ತು ಲಕ್ಷ ವರ್ಷಗಳಿಗೂ ಹಿಂದೆ 41,000 ವರ್ಷಕ್ಕೊಮ್ಮೆ ಬರುತ್ತಿದ್ದ ಹಿಮಯುಗಗಳು ಆಮೇಲೆ ಸುಮಾರು ಒಂದು ಲಕ್ಷ ವರ್ಷಕ್ಕೊಮ್ಮೆ ಬರತೊಡಗಿದುದೇಕೆ? ಈಗ ದೊರೆತ ಪ್ರಾಚೀನ ಹಿಮದಿಂದ ಉತ್ತರವನ್ನು ನಿರೀಕ್ಷಿಸುತ್ತಿರುವುದು ಈ ಪ್ರಶ್ನೆಗೆ.

ಹವೆಯು ಯಾವಾಗಲೂ ಬದಲಾಗುತ್ತಲೇ ಇತ್ತು, ಈಗಿನ ಕಾವಿಗೆ ಅಂಜುವುದೇಕೆಂದು ವಾದಿಸುವವರಿದ್ದಾರೆ. ಅವರು ಹಿಡಿದ ಸಾಕ್ಷಿಯೇ ಅವರಿಗೆ ಪ್ರತಿಕೂಲವಾಗಿದೆ. 180ರಿಂದ 280ಕ್ಕೆ ಏರಲು ಪ್ರಕೃತಿಗೆ ಸಾವಿರಾರು ವರ್ಷಗಳು ಹಿಡಿದವು; ಯಂತ್ರಯುಗದ ಮನುಷ್ಯನು ಎರಡೂವರೆ ಶತಮಾನದೊಳಗೆ ಅದನ್ನು 420ಕ್ಕೂ ಮೇಲೆ ಏರಿಸಿದ್ದಾನೆ. ಈ ಮೊದಲೇ ಪರೀಕ್ಷಿಸಿರುವ ಎಂಟು ಲಕ್ಷ ವರ್ಷಗಳ ಹಿಮದಲ್ಲಿ ಇಂಥ ಅಂಕಿಯು ಒಮ್ಮೆಯೂ ಕಂಡುಬಂದಿಲ್ಲ. ಇದರಲ್ಲಿ ಹೆಚ್ಚಿನ ಪಾಲು ಶ್ರೀಮಂತ ರಾಷ್ಟ್ರಗಳದೆಂಬುದು ದಿಟ. ಆದರೆ ಅದರಿಂದ ನಮ್ಮ ಮಳೆ ಸುರಕ್ಷಿತವಾಗದು.

ಇನ್ನು ನಮ್ಮ ಮಳೆಯ ಮಾತು. ಅರಬ್ಬೀ ಸಮುದ್ರದ ಪಶ್ಚಿಮ ಭಾಗದಲ್ಲಿ, ನೈರುತ್ಯ ಮಾರುತವು ಬಲವಾಗಿ ಬೀಸಿ ತಳದ ತಣ್ಣೀರು ಮೇಲೆದ್ದಾಗ ಸಮೃದ್ಧವಾಗಿ ಬೆಳೆಯುವ ಸೂಕ್ಷ್ಮ ಜೀವಿಯೊಂದಿದೆ. ಹಿಮಯುಗದ ಪದರಗಳಲ್ಲಿ ಅದರ ಚಿಪ್ಪು ವಿರಳ. ಎಂದರೆ ಆಗ ನಮ್ಮ ಮುಂಗಾರು ಕ್ಷೀಣವಾಗಿತ್ತು. ನೀಲಗಿರಿಯ ಎತ್ತರದ ಜೌಗುನೆಲಗಳು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತವೆ. ಅಲ್ಲಿ ಸತ್ತ ಗಿಡಹುಲ್ಲುಗಳು ಪೂರ್ತಿ ಕೊಳೆಯದೆ ಕಪ್ಪುಮಣ್ಣಾಗಿ ಪದರ ಪದರವಾಗಿ ಕೂಡಿವೆ. ಒಣಹವೆಯನ್ನು ಸಹಿಸುವ ಹುಲ್ಲಿಗೂ ತೇವದಲ್ಲಿ ಬೆಳೆಯುವ ಗಿಡಮರಗಳಿಗೂ ಇಂಗಾಲದ ತೂಕದಲ್ಲಿ ಅಂತರವಿರುವುದರಿಂದ ಯಾವ ಕಾಲದಲ್ಲಿ ಯಾವುದು ಬೆಳೆದಿತ್ತೆಂಬುದನ್ನು ಅಳೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀ ರಾಮನ್ ಸುಕುಮಾರ್ ಅವರೂ ಸಂಗಡಿಗರೂ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಶೋಧವು ಈ ಬಗೆಯದು. ಧ್ರುವದ ಹಿಮವು ಲೋಕದ ಚಳಿಯನ್ನು ಹೇಳೀತು. ಕಾವೇರಿಯ ಜಲಾನಯನದಲ್ಲಿ ಮಳೆ ಎಷ್ಟು ಕುಗ್ಗಿತೆಂಬುದನ್ನು ಈ ಮಣ್ಣಲ್ಲದೆ ಮತ್ತಾವುದು ಹೇಳಬೇಕು?

ಪರದೇಶದವರು ಕೊಟ್ಯಂತರ ಹಣ ಸುರಿದು ಭೂಮಿಯ ತುದಿಯಲ್ಲಿ ಹುಡುಕುತ್ತಿರುವಂಥ ದಾಖಲೆ ನಮ್ಮ ಬೆಟ್ಟದ ಮೇಲೆಯೇ ಬಿದ್ದಿದೆ. ಆದರೆ ನೀಲಗಿರಿಯ ಜೌಗುಗಳಲ್ಲಿ ಅನೇಕವನ್ನು ಬಸಿದು ಚಹಾ, ತರಕಾರಿ ಬೆಳೆದುದಾಯಿತು. ಹುಲ್ಲುಗಾವಲುಗಳಲ್ಲಿ ಪರದೇಶದ ಮರಗಳನ್ನು ನೆಟ್ಟುದಾಯಿತು. ಬಸಿದ ಕಪ್ಪುಮಣ್ಣು ಗಾಳಿಗೆ ತೆರೆದುಕೊಂಡು ಕೊಳೆತುಹೋಗುತ್ತದೆ; ಅದರೊಡನೆ ಸಹಸ್ರಾರು ವರ್ಷಗಳ ಲೆಕ್ಕವೂ ಹೋಗುತ್ತದೆ. ಇಂಥ ಶೋಧಕ್ಕೆಂದೇ ಲಖನೌದಲ್ಲಿ ಆಚಾರ್ಯ ಬೀರಬಲ್ ಸಾಹನಿಯವರ ಸಂಸ್ಥೆಯಿದೆ. 1949ರ ಏಪ್ರಿಲಿನಲ್ಲಿ ಪಂಡಿತ ನೆಹರೂ ಅವರು ಅದರ ಕಟ್ಟಡಕ್ಕೆ ಅಸ್ತಿಭಾರವಿಟ್ಟ ಒಂದು ವಾರದಲ್ಲಿಯೇ ಸಾಹನಿಯವರು ತೀರಿಕೊಂಡರು. ವಿದ್ಯೆಯೂ ವಿದ್ವಾಂಸರೂ ನಮ್ಮಲ್ಲಿಯೇ ಇರುವಾಗ ಉಳಿದ ಜೌಗುಗಳ ಪಟ್ಟಿ ಮಾಡಿ, ಅವುಗಳನ್ನು ಅಗೆಯುವುದನ್ನೂ ಬಸಿಯುವುದನ್ನೂ ನಿಲ್ಲಿಸಿ, ಪ್ರತಿಯೊಂದರಿಂದ ಮಣ್ಣಿನ ಮಾದರಿ ತೆಗೆದು ಶೀತಗೃಹದಲ್ಲಿರಿಸುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. ನೀಲಗಿರಿಯು ತಮಿಳುನಾಡಿನ ಆಡಳಿತಕ್ಕೆ ಸೇರಿದ್ದರೂ ಅಲ್ಲಿ ಬಿದ್ದ ಮಳೆಯು ಮೋಯಾರು, ಭವಾನಿಗಳ ಮೂಲಕ ಕಾವೇರಿಯನ್ನೇ ಸೇರುತ್ತದೆ. ಅದೇ ಕಾವೇರಿಯ ನೀರಿಗಾಗಿ ಇಷ್ಟು ಕಾಲ ವ್ಯಾಜ್ಯವಾಡಿದ ಎರಡು ಸರಕಾರಗಳೂ ಈ ಕೆಲಸಕ್ಕೆ ಒಂದು ಸಮಿತಿಯಲ್ಲಿ ಕೂಡಿ ಕುಳಿತುಕೊಳ್ಳಬಾರದೆಂಬ ಕಾನೂನು ನಾವು ಕಂಡಂತೆ ಎಲ್ಲಿಯೂ ಇಲ್ಲ.