ಗೃಹವ್ಯವಸ್ಥೆ: ಗಣಕಯಂತ್ರದ ದಪ್ತರಕ್ಕೆ ತಕ್ಕ ಕಾರಕೂನ

ಇಂಡಿ ತಾಲೂಕಿನ ಸಾಲೋಟಗಿಯು ವಿದ್ಯೆಗೆ ಹೆಸರಾದ ಊರು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳಿದ್ದವೆಂದೂ ಕ್ರಿ. ಶ. 945ರ ಶಿಲಾಶಾಸನದಿಂದ ತಿಳಿಯುತ್ತದೆ. ಕಲ್ಲಿನ ಮೇಲಿನ ಆ ಬರಹವು ಸಾವಿರ ವರ್ಷ ಕಳೆದರೂ ಅಳಿದಿಲ್ಲ. ನಮ್ಮ ಮನೆಗಳ ಹೊಲದ ಉತಾರ, ಕರದ ಪಾವತಿ, ಮಕ್ಕಳ ಅಂಕಪಟ್ಟಿ, ಲಗ್ನದ ಛಾಯಾಚಿತ್ರಗಳಿಗೆ ಆ ಭಾಗ್ಯವಿಲ್ಲ. ಅವು ಈಗ ಗಣಕಯಂತ್ರದೊಳಗೆ ಸೇರಿವೆ. ಒಂದು ಬೆರಳನ್ನೊತ್ತಿದರೆ ಹಳೆಯದರ ಮೇಲೆ ಹೊಸದು ಬಂದು ಕೂಡ್ರಬಹುದು. ಆದುದರಿಂದ ಈ ದಪ್ತರಕ್ಕೆ ಕಾರಕೂನನನ್ನು ಆರಿಸುವದು ಗೃಹಸ್ಥರಿಗೆ ಚಿಕ್ಕ ವಿಷಯವಲ್ಲ.

ವಿಂಡೋಸ್ ಯಂತ್ರದಲ್ಲಿ ಈ ಕೆಲಸವನ್ನು 1995ರಿಂದಲೂ ಎಕ್ಸ್‌ಪ್ಲೋರರ್ ಎಂಬುದು ಮಾಡುತ್ತ ಬಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರದಲ್ಲಿ ಮುಗಿಯಿತಷ್ಟೆ. ಅಲ್ಲಿಂದ 11ಕ್ಕೆ ಬಂದವರಿಗೆ ಪರಿಚಿತವಾದ ಪಟ್ಟಿಗಳು ಬೇರೆ ರೂಪದಲ್ಲಿ ಕಾಣುವವು; ಆಗ ಬೇರೊಬ್ಬ ಕಾರಕೂನನು ಸಿಕ್ಕಾನೇ ಎಂಬ ಯೋಚನೆ ಹುಟ್ಟುವದು ಸಹಜ.

ಆರಿಸುವ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು. ಕಾರಕೂನನು ಉಗ್ರಾಣವಲ್ಲ. ಹೊಸದನ್ನು ತಂದರೆ ಫೈಲುಗಳು ಸ್ಥಳ ಬಿಡುವದಿಲ್ಲ. ಅದನ್ನು ತೆಗೆದುಹಾಕಿದರೆ ಅವು ಹೋಗುವದೂ ಇಲ್ಲ. ಎಕ್ಸ್‌ಪ್ಲೋರರು ಪಕ್ಕದಲ್ಲಿ ಇದ್ದೇ ಇರುವದು. ಆದರೆ ಹೊಸ ಕಾರಕೂನನು ತನ್ನ ಸ್ವಂತ ವಹಿಯಲ್ಲಿ ಬರೆದಿಟ್ಟ ಗುರುತು, ಬಣ್ಣ, ಟಿಪ್ಪಣಿಗಳು ಅವನೊಡನೆಯೇ ಹೊರಟುಹೋದಾವು. ಮುಖ್ಯ ವಿಷಯವನ್ನು ಫೈಲಿನ ಹೆಸರಿನಲ್ಲಿಯೇ ಬರೆಯುವದು ಲೇಸು.

ಅಭ್ಯರ್ಥಿಗಳು ಹಲವರುಂಟು. ಎರಡು ಕಣಗಳನ್ನು ಪಕ್ಕಪಕ್ಕದಲ್ಲಿ ತೋರಿಸುವ ಪದ್ಧತಿಯನ್ನು 1986ರ ನಾರ್ಟನ್ ಕಮಾಂಡರು ಬಳಕೆಗೆ ತಂದಿತು. ಎಡದಲ್ಲಿ ಮೂಲ, ಬಲದಲ್ಲಿ ಗುರಿ. ಏನು ಎಲ್ಲಿಗೆ ಹೋಗುವದೆಂಬುದು ಕಣ್ಣಿಗೆ ಕಾಣುವದೇ ಇದರ ಗುಣ. ಟೋಟಲ್ ಕಮಾಂಡರು ಇದೇ ಮನೆತನದ್ದು; ಪರೀಕ್ಷಿಸಿದ ಬಳಿಕ ಹಣ ಕೊಡತಕ್ಕದ್ದು. ಡಬಲ್ ಕಮಾಂಡರು ಉಚಿತವಾದದ್ದು, ಅದರ ಮೂಲಬರಹವೂ ಬಹಿರಂಗ. ಡೈರೆಕ್ಟರಿ ಓಪಸ್ ಬೆಲೆಯುಳ್ಳದ್ದು, ಸೌಕರ್ಯ ಬಹಳ. ಸಣ್ಣ ಸಂಸಾರಕ್ಕೆ ಅಷ್ಟು ಬೇಕಾಗದು. ಕೇವಲ ಹಲವು ಫೋಲ್ಡರುಗಳನ್ನು ಒಂದೇ ಕಿಟಕಿಯಲ್ಲಿ ತೆರೆಯಬೇಕೆಂಬವರಿಗೆ ಹೊಸಬರೇ ಬೇಡ. 2022ರಿಂದ ವಿಂಡೋಸ್ 11ರ ಎಕ್ಸ್‌ಪ್ಲೋರರಿನಲ್ಲಿಯೇ ಆ ಅನುಕೂಲವಿದೆ.

ಇನ್ನು ಪರೀಕ್ಷೆಯ ಮಾತು. ಬೇರೊಂದು ಫೋಲ್ಡರಿನಲ್ಲಿ ನಕಲುಗಳನ್ನಿಟ್ಟು, ಅವುಗಳ ಮೇಲೆಯೇ ಈ ಮೂರನ್ನು ಮಾಡಿ ನೋಡಿರಿ.

ಮೊದಲನೆಯದು ಕನ್ನಡದ ಹೆಸರು. ಒತ್ತಕ್ಷರಗಳು ಒಡೆಯದೆ ಕಾಣಬೇಕು. ಕನ್ನಡದಲ್ಲಿ ಹುಡುಕಿದರೆ ಸಿಗಬೇಕು. ಉದ್ದವನ್ನೂ ಗಮನಿಸಿರಿ. ನಮಗೆ ನಾಲ್ಕಕ್ಷರವಾದ ‘ಸಾಲೋಟಗಿ’ಯು ಯಂತ್ರದ ಲೆಕ್ಕದಲ್ಲಿ 7, ಎರಡಕ್ಷರದ ‘ಕ್ಷೇತ್ರ’ವೂ 7. ಫೋಲ್ಡರುಗಳ ಹೆಸರೂ ಸೇರಿ ಪೂರ್ಣ ದಾರಿಗೆ ವಿಂಡೋಸಿನಲ್ಲಿ 260ರ ಹಳೆಯ ಮಿತಿಯುಂಟು. ಫೋಲ್ಡರಿನೊಳಗೆ ಫೋಲ್ಡರು ಬೆಳೆದಂತೆ ಕನ್ನಡದ ಹೆಸರುಗಳು ಬೇಗನೆ ಆ ಗಡಿಯನ್ನು ಮುಟ್ಟುವವು. ಸರ್ವೆ ನಂಬರಿನ ಓರೆಗೆರೆಯನ್ನಂತೂ ವಿಂಡೋಸು ಹೆಸರಿನಲ್ಲಿ ಒಪ್ಪುವದೇ ಇಲ್ಲ. 104/2 ಇದ್ದರೆ 104-2 ಎಂದು ಬರೆಯಬೇಕು.

ಎರಡನೆಯದು ಒಂದೇ ಹೆಸರಿನ ಎರಡು ಫೈಲುಗಳ ಭೆಟ್ಟಿ. ಹೋದ ವರ್ಷದ ‘ಉತಾರ’ವಿದ್ದಲ್ಲಿಗೆ ಈ ವರ್ಷದ್ದನ್ನು ಕಳಿಸಿರಿ. ಒಳ್ಳೆಯ ಕಾರಕೂನನು ಎರಡರ ತಾರೀಖು, ಗಾತ್ರಗಳನ್ನು ತೋರಿಸಿ ‘ಏನು ಮಾಡಲಿ?’ ಎಂದು ಕೇಳುವನು. ಕೇಳದೆ ಮೇಲೆ ಬರೆಯುವವನನ್ನು ಆ ದಿನವೇ ಬಿಡತಕ್ಕದ್ದು.

ಮೂರನೆಯದು ಅಳಿಸುವಿಕೆ. ಅಳಿಸಿದ ನಕಲು ರಿಸೈಕಲ್ ಬಿನ್ನಿಗೆ ಹೋಯಿತೇ, ಅಲ್ಲಿಂದ ಮರಳಿತೇ ನೋಡಿರಿ. ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಹೋಗುವದಿಲ್ಲವೆಂಬುದನ್ನು ಮನೆಯ ಮಕ್ಕಳಿಗೂ ಹೇಳಿಡಿರಿ.

ಈ ಮೂರರಲ್ಲಿ ತೇರ್ಗಡೆಯಾದದ್ದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ತರಿಸಿ, ಒಂದು ತಿಂಗಳು ಮನೆಮಂದಿಯೆಲ್ಲ ಬಳಸಿರಿ. ಹಿರಿಯರ ಕೈಗೆ ಒಗ್ಗದಿದ್ದರೆ ಅದೆಷ್ಟು ಚತುರವಾಗಿದ್ದರೂ ಮನೆಗೆ ಸಲ್ಲದು. ಯಾವ ಕಾರಕೂನನನ್ನು ಇಟ್ಟುಕೊಂಡರೂ ದಪ್ತರದ ಇನ್ನೊಂದು ಪ್ರತಿಯು ಯಂತ್ರದ ಹೊರಗೆ, ಬೇರೊಂದು ಡಿಸ್ಕಿನಲ್ಲಿ, ಇರಲೇಬೇಕು. ಆ ಕೆಲಸವು ಕಾರಕೂನನದಲ್ಲ; ಯಜಮಾನರದು.